ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ಟಿಎಸ್‌ಐ ಕೊಳ್ಳುವ ಮುನ್ನ ಪರೀಕ್ಷಿಸಬೇಕಾದದ್ದು

ಪುಣೆ ಬಳಿಯ ಚಾಕಣ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಫೋಕ್ಸ್‌ವ್ಯಾಗನ್ ಪೋಲೊ 2010ರಿಂದ 2022ರವರೆಗೆ ನಮ್ಮ ದೇಶದಲ್ಲಿ ಮಾರಾಟವಾಯಿತು. ಅದರ ಚುರುಕಾದ ಅವತರಣಿಕೆಯಾದ ಜಿಟಿ ಟಿಎಸ್‌ಐ 2013ರಲ್ಲಿ ಬಂದಾಗ, ಸಣ್ಣ ಕಾರಿನಲ್ಲಿ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಇರುವ ಪೆಟ್ರೋಲ್ ಎಂಜಿನ್ ಮತ್ತು ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಒಟ್ಟಿಗೆ ಸಿಗುವುದು ಇಲ್ಲಿನ ಗ್ರಾಹಕರಿಗೆ ಹೊಸ ಸಂಗತಿಯಾಗಿತ್ತು. ಈಗ ಹೊಸ ಪೋಲೊ ಸಿಗುವುದಿಲ್ಲವಾದ್ದರಿಂದ, ಓಡಿಸುವ ಖುಷಿಗಾಗಿಯೇ ಕಾರು ಬಯಸುವವರು ಹಳೆಯದನ್ನೇ ಹುಡುಕುತ್ತಾರೆ. ಬೆಂಗಳೂರಿನ ಮಾರುಕಟ್ಟೆಯಲ್ಲಿ ಅದೇ ವಯಸ್ಸಿನ ಇತರ ಹ್ಯಾಚ್‌ಬ್ಯಾಕ್‌ಗಳಿಗಿಂತ ಇದಕ್ಕೆ ಹೆಚ್ಚಿನ ಬೆಲೆ ಹೇಳುವುದೂ ಅದಕ್ಕಾಗಿಯೇ.

ಇಂತಹ ಕಾರನ್ನು ಸಾಮಾನ್ಯ ಕುಟುಂಬದ ಕಾರಿನಂತೆ ಪರೀಕ್ಷಿಸಿದರೆ ಸಾಲದು. ಸಾಧಾರಣ ಹ್ಯಾಚ್‌ಬ್ಯಾಕ್‌ನಲ್ಲಿ ಓಡಿದ ಕಿಲೋಮೀಟರ್ ಮತ್ತು ತಯಾರಾದ ವರ್ಷ ಅದರ ಸ್ಥಿತಿಯನ್ನು ಬಹುಮಟ್ಟಿಗೆ ಹೇಳಿಬಿಡುತ್ತವೆ. ಆದರೆ ಚುರುಕು ಕಾರಿನ ವಿಷಯದಲ್ಲಿ 40,000 ಕಿಲೋಮೀಟರ್ ಓಡಿದ ಗಾಡಿ ಸೋತಿರಬಹುದು, 90,000 ಓಡಿದ್ದು ಗಟ್ಟಿಯಾಗಿರಬಹುದು. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ಓಡಿಸುತ್ತಿದ್ದರೇ, ಆಯಿಲ್ ಬದಲಿಸುವುದನ್ನು ಮುಂದೂಡುತ್ತಿದ್ದರೇ, ಶಕ್ತಿ ಹೆಚ್ಚಿಸಲು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ತಿದ್ದಿಸಿದ್ದರೇ ಎಂಬುದು ಓಡೋಮೀಟರ್‌ನಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಕೊಳ್ಳುವವರ ಮುಖ್ಯ ಕೆಲಸವೆಂದರೆ ಹಿಂದಿನ ಮಾಲೀಕರ ಕೈಗುಣವನ್ನು ಗಾಡಿಯ ಮೇಲಿನ ಗುರುತುಗಳಿಂದಲೇ ಓದುವುದು. ಮುಂದೆ ಹೇಳುವ ಪ್ರತಿಯೊಂದು ಪರೀಕ್ಷೆಯ ಹಿಂದೆಯೂ ಇರುವ ಪ್ರಶ್ನೆ ಇದೇ.

ಮೊದಲು ಯಾವ ಪೋಲೊ ಎಂಬುದು ಖಚಿತವಾಗಲಿ

ಹಿಂಬದಿಯಲ್ಲಿ ಜಿಟಿ ಎಂಬ ಅಕ್ಷರ ಅಂಟಿಸಿದ ಮಾತ್ರಕ್ಕೆ ಅದು ಜಿಟಿ ಆಗುವುದಿಲ್ಲ. ಆ ಲಾಂಛನಗಳು ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಮೊದಲ ಜಿಟಿ ಟಿಎಸ್‌ಐನಲ್ಲಿ ಇದ್ದದ್ದು ನಾಲ್ಕು ಸಿಲಿಂಡರ್‌ಗಳ 1,197 ಸಿಸಿ ಎಂಜಿನ್. 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ ಹಾಗೂ 7 ಗೇರ್‌ಗಳ ಡಿಎಸ್‌ಜಿ, ಅಂದರೆ ಮೇಲೆ ಹೇಳಿದ ಎರಡು ಕ್ಲಚ್‌ಗಳ ಗೇರ್‌ಬಾಕ್ಸ್. ಅದೇ ಕಾಲದ ಸಾಧಾರಣ ಪೋಲೊ ಪೆಟ್ರೋಲ್‌ನಲ್ಲಿದ್ದದ್ದು ಟರ್ಬೊ ಇಲ್ಲದ, ಮೂರು ಸಿಲಿಂಡರ್‌ಗಳ 1,198 ಸಿಸಿ ಎಂಜಿನ್. ಎರಡರ ನಡುವೆ ಆರ್‌ಸಿಯಲ್ಲಿ ಒಂದೇ ಒಂದು ಅಂಕಿಯ ವ್ಯತ್ಯಾಸ ಕಾಣುತ್ತದೆ, ರಸ್ತೆಯಲ್ಲಿ ಮಾತ್ರ ಅಜಗಜಾಂತರ. 2020ರಲ್ಲಿ ಬಿಎಸ್6 ಹೊಗೆ ನಿಯಂತ್ರಣ ನಿಯಮ ಬಂದ ಮೇಲೆ 1.2 ಟಿಎಸ್‌ಐ ಹೋಗಿ, 110 ಪಿಎಸ್ ಶಕ್ತಿಯ ಮೂರು ಸಿಲಿಂಡರ್‌ಗಳ 1.0 ಟಿಎಸ್‌ಐ ಬಂತು. ಆಗಿನ ಜಿಟಿಯಲ್ಲಿ ಡಿಎಸ್‌ಜಿ ಬದಲು 6 ಗೇರ್‌ಗಳ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ದ್ರವದ ಮೂಲಕ ಶಕ್ತಿ ಸಾಗಿಸುವ) ಆಟೊಮ್ಯಾಟಿಕ್ ಕೊಟ್ಟರು, ಹೈಲೈನ್ ಪ್ಲಸ್ ಎಂಬ ಇನ್ನೊಂದು ಅವತರಣಿಕೆಯಲ್ಲಿ 6 ಗೇರ್‌ಗಳ ಮ್ಯಾನುಯಲ್ ಇತ್ತು. ಇಲ್ಲಿಯೂ ಎಚ್ಚರ ಬೇಕು: ಟರ್ಬೊ ಇಲ್ಲದ 1.0 ಎಂಪಿಐ ಎಂಜಿನ್ ಕೂಡ 999 ಸಿಸಿಯದೇ ಆದ್ದರಿಂದ ಸಿಸಿ ನೋಡಿ ತೀರ್ಮಾನಿಸುವಂತಿಲ್ಲ. ಆರ್‌ಸಿಯಲ್ಲಿರುವ ಮಾಡೆಲ್ ಹೆಸರನ್ನು ಓದಿ, ಬಾನೆಟ್ ಎತ್ತಿ ಟರ್ಬೊ ಮತ್ತು ಅದಕ್ಕೆ ಸೇರುವ ದಪ್ಪನೆಯ ಗಾಳಿ ಕೊಳವೆಗಳು ಇವೆಯೇ ಎಂದು ಕಣ್ಣಾರೆ ನೋಡಬೇಕು.

ನನ್ನ ಅಭಿಪ್ರಾಯವನ್ನು ಇಲ್ಲೇ ಹೇಳಿಬಿಡುತ್ತೇನೆ. ದಿನವೂ ಔಟರ್ ರಿಂಗ್ ರಸ್ತೆಯಲ್ಲಿ ತೆವಳಬೇಕಾದವರಿಗೆ ಬಿಎಸ್6 ಕಾಲದ ಟಾರ್ಕ್ ಕನ್ವರ್ಟರ್ ಗಾಡಿ ಅಥವಾ ಮ್ಯಾನುಯಲ್ ಗಾಡಿ ಮೇಲು. 1.2 ಡಿಎಸ್‌ಜಿಯ ಸೊಗಸೇ ಬೇರೆ, ಅದನ್ನು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಗೇರ್‌ಬಾಕ್ಸ್‌ನ ಸ್ಕ್ಯಾನ್ ವರದಿಯನ್ನು (ಅದರ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷಗಳ ಪಟ್ಟಿ) ನೋಡದೆ ಅದಕ್ಕೆ ಅಡ್ವಾನ್ಸ್ ಕೊಡಬಾರದು.

ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ನೀವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹಿಂದಿನ ದಿನವೇ ತಿಳಿಸಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ, ಕೇಳಿಕೊಂಡ ಮೇಲೂ ಯಾಕೆ ಬಿಸಿ ಮಾಡಿದರು ಎಂಬ ಪ್ರಶ್ನೆ ಏಳುತ್ತದೆ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡುವುದೇ ಲೇಸು. ತಣ್ಣಗಿನ ಎಂಜಿನ್ ಮುಚ್ಚಿಡಲಾಗದ ಸಂಗತಿಗಳನ್ನು ಬಿಸಿಯಾದ ಎಂಜಿನ್ ಮುಚ್ಚಿಟ್ಟುಬಿಡುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿ ಎಳೆದು ಮಟ್ಟ ನೋಡಿ, ಕೂಲಂಟ್ ಡಬ್ಬಿಯಲ್ಲಿ ದ್ರವ ಕನಿಷ್ಠ ಗೆರೆಗಿಂತ ಮೇಲಿದೆಯೇ ನೋಡಿ. ಆಯಿಲ್ ಹಾಕುವ ಮುಚ್ಚಳದ ಒಳಭಾಗದಲ್ಲಿ ಕೆನೆಯಂತಹ ಬಿಳಿ ಪದರ ದಟ್ಟವಾಗಿದ್ದರೆ ಆಯಿಲ್‌ನೊಳಗೆ ನೀರಿನಂಶ ಸೇರುತ್ತಿದೆಯೆಂದು ಸಂಶಯಪಡಬೇಕು. ಕೂಲಂಟ್‌ನ ಬಣ್ಣ ತುಕ್ಕಿನ ಕೆಂಪಾಗಿದ್ದರೆ ಯಾರೋ ನಲ್ಲಿ ನೀರು ಸುರಿದಿದ್ದಾರೆ ಎಂದರ್ಥ, ಮತ್ತು ಕೂಲಂಟ್ ಎಲ್ಲೋ ಸೋರುತ್ತಿದ್ದರಿಂದಲೇ ನೀರು ಸುರಿಯಬೇಕಾಗಿ ಬಂದಿರುವ ಸಾಧ್ಯತೆಯೂ ಇದೆ.

ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್, ಎಬಿಎಸ್, ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ), ಇಪಿಸಿ (ಎಂಜಿನ್‌ನ ಎಲೆಕ್ಟ್ರಾನಿಕ್ ನಿಯಂತ್ರಣ) ಹಾಗೂ ಎಂಜಿನ್ ದೀಪಗಳು ಹೊತ್ತಿಕೊಂಡು, ಸ್ಟಾರ್ಟ್ ಆದ ಬಳಿಕ ಆರಬೇಕು. ಆರದೆ ಉಳಿಯುವ ದೀಪವನ್ನು ಎಲ್ಲರೂ ಗಮನಿಸುತ್ತಾರೆ; ಹೊತ್ತಿಕೊಳ್ಳದೇ ಇರುವ ದೀಪವನ್ನು ಗಮನಿಸುವವರು ಕಡಿಮೆ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಂಡ ಮೇಲೆ ಹೊಸದನ್ನು ಹಾಕಿಸದೆ ದೀಪವನ್ನೇ ಕಾಣದಂತೆ ಮಾಡಿ ಮಾರುವವರಿದ್ದಾರೆ ಎಂಬುದನ್ನು ಮರೆಯಬಾರದು.

ಸ್ಟಾರ್ಟ್ ಆದ ಮೊದಲ ಕೆಲವು ಕ್ಷಣಗಳಲ್ಲಿ ಕಿವಿಗೊಟ್ಟು ಕೇಳಿ. ಟಿಎಸ್‌ಐ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್‌ನೊಳಗೆ ಚಿಮ್ಮುವುದರಿಂದ ಇಂಜೆಕ್ಟರ್‌ಗಳ ಸಣ್ಣ ಟಕಟಕ ಶಬ್ದ ಸಹಜ. ಆದರೆ ಸರಪಳಿ ಅಲುಗಿದಂತಹ ಗಲಗಲ ಶಬ್ದವಾಗಲಿ, ಟರ್ಬೊ ಇರುವ ಕಡೆಯಿಂದ ಲೋಹ ನಡುಗುವ ಶಬ್ದವಾಗಲಿ ಸಹಜವಲ್ಲ. 1.0 ಟಿಎಸ್‌ಐನಲ್ಲಿ ಇರುವುದು ಟೈಮಿಂಗ್ ಬೆಲ್ಟ್, ಹಳೆಯ 1.2 ಗಾಡಿಯಾದರೆ ಚಾಸಿ ನಂಬರ್ ಕೊಟ್ಟು ಬೆಲ್ಟ್ ಇದೆಯೋ ಚೈನ್ ಇದೆಯೋ, ಬದಲಿಸುವ ಕಾಲ ಬಂದಿದೆಯೋ ಎಂಬುದನ್ನು ಸರ್ವಿಸ್ ಸೆಂಟರ್‌ನಲ್ಲೇ ಕೇಳಿಕೊಳ್ಳಿ. ನೇರ ಇಂಜೆಕ್ಷನ್‌ನ ಇನ್ನೊಂದು ಪರಿಣಾಮವೆಂದರೆ, ಗಾಳಿ ಒಳಬರುವ ವಾಲ್ವ್‌ಗಳನ್ನು ಪೆಟ್ರೋಲ್ ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಇಂಗಾಲ ಕಟ್ಟಿಕೊಳ್ಳುತ್ತದೆ. ತಣ್ಣಗಿರುವಾಗ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಏರಿಳಿದು ಎಂಜಿನ್ ಕುಲುಕಾಡಿದರೆ ಅದೂ ಒಂದು ಕಾರಣವಿರಬಹುದು. ಐದಾರು ನಿಮಿಷ ಐಡಲ್‌ನಲ್ಲಿ ಬಿಟ್ಟು ಬಳಿಕ ಒಮ್ಮೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಅದಕ್ಕೆ ಟರ್ಬೊದ ಸೀಲ್ ಹೋಗಿರುವುದು ಕಾರಣವಿರಬಹುದು. ಸಿಹಿ ವಾಸನೆಯ ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಅದು ಕೂಲಂಟ್.

ಡಿಎಸ್‌ಜಿ ಗೇರ್‌ಬಾಕ್ಸ್

ಅತಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. 1.2 ಜಿಟಿಯಲ್ಲಿರುವ ಡಿಕ್ಯೂ200 ಗೇರ್‌ಬಾಕ್ಸ್‌ನಲ್ಲಿ ಎರಡು ಕ್ಲಚ್‌ಗಳಿವೆ: ಒಂದು 1, 3, 5, 7ನೇ ಗೇರ್‌ಗಳಿಗೆ, ಇನ್ನೊಂದು 2, 4, 6 ಹಾಗೂ ರಿವರ್ಸ್‌ಗೆ. ಇವು ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗಳಲ್ಲ, ಒಣ ಕ್ಲಚ್‌ಗಳು. ಹೆದ್ದಾರಿಯಲ್ಲಿ ಇವು ಬಹುಕಾಲ ಬಾಳುತ್ತವೆ. ಆದರೆ ಸಿಲ್ಕ್ ಬೋರ್ಡ್‌ನಂತಹ ಕಡೆ ಅಂಗುಲ ಅಂಗುಲ ಸರಿಯುವಾಗ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತಲೇ ಇರಬೇಕಾಗುತ್ತದೆ, ಬಿಸಿಯೇರುತ್ತದೆ, ಸವೆಯುತ್ತದೆ. ಇವನ್ನು ನಡೆಸುವ ಮೆಕಾಟ್ರಾನಿಕ್ ಎಂಬ ಘಟಕದಲ್ಲಿ ಕಂಪ್ಯೂಟರ್, ಹೈಡ್ರಾಲಿಕ್ ಪಂಪ್, ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ಎಲ್ಲವೂ ಸೇರಿಕೊಂಡಿವೆ. ಅದು ಕೆಟ್ಟರೆ ಖರ್ಚು ಲಕ್ಷದ ಮಾತಾಗುತ್ತದೆ. ಈ ಗೇರ್‌ಬಾಕ್ಸ್‌ನ ತೊಂದರೆ ನಮ್ಮ ದೇಶಕ್ಕೆ ಸೀಮಿತವಾದದ್ದೂ ಅಲ್ಲ. 2013ರಲ್ಲಿ ಕಂಪನಿಯು ಜಗತ್ತಿನಾದ್ಯಂತ ಸುಮಾರು 16 ಲಕ್ಷ ಗಾಡಿಗಳ 7 ಗೇರ್ ಡಿಎಸ್‌ಜಿಯಲ್ಲಿದ್ದ ಸಿಂಥೆಟಿಕ್ ಗೇರ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕುವುದಾಗಿ ಪ್ರಕಟಿಸಿತ್ತು.

ಪರೀಕ್ಷೆ ಹೀಗಿರಲಿ. ಸಮತಟ್ಟಾದ ಕಡೆ ಗೇರನ್ನು ಡಿ ಸ್ಥಾನಕ್ಕೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಬ್ರೇಕ್ ಬಿಡಿ. ಗಾಡಿ ನಡುಗದೆ, ಎಳೆದಾಡದೆ ಮುಂದೆ ಸರಿಯಬೇಕು. ಬಳಿಕ ಬಹಳ ಹಗುರವಾಗಿ ಒತ್ತುತ್ತಾ 1ರಿಂದ 2ನೇ ಗೇರ್‌ಗೆ ಹೋಗುವ ಗಳಿಗೆಯನ್ನು ಗಮನಿಸಿ, ಮತ್ತೆ ನಿಧಾನಿಸುತ್ತಾ 2ರಿಂದ 1ಕ್ಕೆ ಇಳಿಯುವುದನ್ನು ಗಮನಿಸಿ. ಕ್ಲಚ್ ಸವೆತ ಮೊದಲು ತೋರುವುದು ಇಲ್ಲಿ, ನಡುಕವಾಗಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು ಸಿಕ್ಕರೆ ರಿವರ್ಸ್‌ನಲ್ಲಿ ಮೇಲೇರಿಸಿ ನೋಡಿ, ಏಕೆಂದರೆ ಎರಡನೆಯ ಕ್ಲಚ್‌ನ ಸ್ಥಿತಿ ಅಲ್ಲಿ ಬಯಲಾಗುತ್ತದೆ. ಇವೆಲ್ಲವನ್ನೂ ಒಮ್ಮೆ ತಣ್ಣಗಿರುವಾಗ, ಇನ್ನೊಮ್ಮೆ ಕನಿಷ್ಠ ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ ಬಿಸಿಯಾದ ಮೇಲೆ ಮಾಡಬೇಕು. ಬಡಾವಣೆಯ ಒಂದು ಸುತ್ತು ಹಾಕಿ ಮುಗಿಸುವ ಟೆಸ್ಟ್ ಡ್ರೈವ್‌ನಿಂದ ಡಿಎಸ್‌ಜಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಅದಾದ ಮೇಲೆ ಸ್ಕ್ಯಾನ್. ಜರ್ಮನ್ ಗಾಡಿಗಳನ್ನೇ ನೋಡಿಕೊಳ್ಳುವ ಸ್ವತಂತ್ರ ಗ್ಯಾರೇಜ್‌ಗಳಲ್ಲಿ ಗಾಡಿಯ ಎಲ್ಲ ಕಂಪ್ಯೂಟರ್‌ಗಳನ್ನೂ ಓದಬಲ್ಲ ವಿಸಿಡಿಎಸ್‌ನಂತಹ ಸಾಧನ ಇರುತ್ತದೆ. ಎಂಜಿನ್ ದೋಷಗಳನ್ನು ಮಾತ್ರ ಓದುವ ಅಗ್ಗದ ಬ್ಲೂಟೂತ್ ಸಾಧನ ಇದಕ್ಕೆ ಸಾಲದು. ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಪಿ17ಬಿಎಫ್ ಅಥವಾ ಪಿ189ಸಿ ಎಂಬ ದೋಷ ಸಂಕೇತಗಳು ಕಂಡರೆ ಹೈಡ್ರಾಲಿಕ್ ಒತ್ತಡ ನಿಲ್ಲುತ್ತಿಲ್ಲ ಎಂದು ತಿಳಿದು, ಮೆಕಾಟ್ರಾನಿಕ್‌ನ ಖರ್ಚನ್ನು ಬೆಲೆಯಿಂದ ಕಳೆಯಿರಿ, ಇಲ್ಲವೇ ಆ ಗಾಡಿಯನ್ನು ಬಿಟ್ಟುಬಿಡಿ. ಸ್ಕ್ಯಾನ್‌ಗೆ ಇನ್ನೊಂದು ಉಪಯೋಗವೂ ಇದೆ: ದೋಷ ದಾಖಲಾದಾಗ ಎಷ್ಟು ಕಿಲೋಮೀಟರ್ ಆಗಿತ್ತು ಎಂಬುದನ್ನು ಈ ಗಾಡಿಗಳ ಕಂಪ್ಯೂಟರ್‌ಗಳು ಬರೆದಿಟ್ಟುಕೊಳ್ಳುತ್ತವೆ. ಮೀಟರ್ 45,000 ತೋರಿಸುತ್ತಿದ್ದು, 80,000ದಲ್ಲಿ ಎಬಿಎಸ್ ದೋಷವೊಂದು ದಾಖಲಾಗಿದ್ದರೆ ಮಾತುಕತೆಯನ್ನು ಅಲ್ಲಿಗೇ ಮುಗಿಸಬಹುದು. ನೀವು ಬರುವ ಮುಂಚೆಯೇ ಎಲ್ಲ ದೋಷಗಳನ್ನೂ ಅಳಿಸಿರುವ ಸಾಧ್ಯತೆಯೂ ಇರುವುದರಿಂದ ಟೆಸ್ಟ್ ಡ್ರೈವ್‌ಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಸ್ಕ್ಯಾನ್ ಮಾಡಿಸುವುದು ಉತ್ತಮ.

ರೀಮ್ಯಾಪ್ ಆಗಿತ್ತೇ?

ಟರ್ಬೊ ಎಂಜಿನ್‌ನ ಕಂಪ್ಯೂಟರ್ ತಿದ್ದಿ ಶಕ್ತಿ ಹೆಚ್ಚಿಸುವುದನ್ನು ಹುಡುಗರು ಸ್ಟೇಜ್ 1, ಸ್ಟೇಜ್ 2 ಎಂದು ಕರೆಯುತ್ತಾರೆ. ಮಾರುವ ಮುನ್ನ ಅದನ್ನು ಮತ್ತೆ ಕಂಪನಿಯ ಸ್ಥಿತಿಗೆ ತರಬಹುದು, ಆದರೆ ಹೆಚ್ಚಿದ ಟಾರ್ಕ್ ಹೊತ್ತು ಸವೆದ ಕ್ಲಚ್ ಮಾತ್ರ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಕೈ ಆಡಿಸಿದ ಕುರುಹುಗಳನ್ನು ಹುಡುಕಬೇಕು: ಏರ್ ಫಿಲ್ಟರ್ ಡಬ್ಬಿಯ ತಿರುಪುಗಳ ಮೇಲೆ ಗೀರು, ಹಳೆಯ ಕೊಳವೆಗಳ ನಡುವೆ ಹೊಳೆಯುವ ಹೊಸ ಕ್ಲಾಂಪ್‌ಗಳು, ಸೈಲೆನ್ಸರ್ ಕೊಳವೆಯಲ್ಲಿ ಕತ್ತರಿಸಿ ಬೆಸೆದ ಜಾಗ, ಸ್ಪ್ರಿಂಗ್‌ಗಳನ್ನು ಬಿಚ್ಚಿ ಹಾಕಿದ ಗುರುತು, ಡ್ಯಾಶ್‌ಬೋರ್ಡ್‌ನ ಕೆಳಗೆ ಸುತ್ತಿಟ್ಟ ಅನಾಥ ವೈರ್‌ಗಳು. ಕಾರು ಈಗಲೂ ಮಾರ್ಪಡಿಸಿದ ಸ್ಥಿತಿಯಲ್ಲೇ ಇದ್ದರೆ ಅದು ಬೆಲೆ ಏರಿಸುವ ಗುಣವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯು ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ವಿಮೆಯ ಹಣ ಕೇಳುವಾಗಲೂ ಇದು ತೊಡಕಾಗುತ್ತದೆ.

ಆದರೂ ಮಾರ್ಪಾಡನ್ನು ತಾವಾಗಿಯೇ ಹೇಳಿ, ಬಿಲ್‌ಗಳನ್ನು ತೋರಿಸಿ, ಬಿಚ್ಚಿಟ್ಟ ಮೂಲ ಭಾಗಗಳನ್ನೂ ಕೊಡುವ ಮಾಲೀಕರನ್ನು ನಾನು ಹೆಚ್ಚು ನಂಬುತ್ತೇನೆ. ಇಂತಹ ಗಾಡಿಗಳನ್ನು ಪ್ರೀತಿಯಿಂದ ಸಾಕಿದವರ ಬಳಿ ಆಯಿಲ್‌ನ ದರ್ಜೆಯೂ ನೆನಪಿನಲ್ಲಿರುತ್ತದೆ. ಯಾವ ಆಯಿಲ್ ಹಾಕಿಸುತ್ತಿದ್ದಿರಿ, ಎಷ್ಟು ಕಿಲೋಮೀಟರ್‌ಗೆ, ಹೆದ್ದಾರಿಯಲ್ಲಿ ಜೋರಾಗಿ ಬಂದ ಮೇಲೆ ಕೂಡಲೇ ಎಂಜಿನ್ ಆರಿಸುತ್ತಿದ್ದಿರಾ ಎಂದು ಸಹಜವಾಗಿ ಕೇಳಿ. ಉತ್ತರ ತಡವರಿಸುತ್ತದೆಯೋ ಇಲ್ಲವೋ ಎಂಬುದೇ ಬಹಳಷ್ಟನ್ನು ಹೇಳುತ್ತದೆ.

ಓಡಿಸುವಾಗ

ಟ್ರಾಫಿಕ್ ಮುಗಿದು ತೆರೆದ ರಸ್ತೆ ಸಿಕ್ಕಾಗ, ವೇಗದ ಮಿತಿಯೊಳಗೇ, ಮ್ಯಾನುಯಲ್ ಸ್ಥಾನದಲ್ಲಿ 3ನೇ ಗೇರ್‌ನಲ್ಲಿಟ್ಟು ಸುಮಾರು 1,800 ಆರ್‌ಪಿಎಂನಿಂದ ಪೂರ್ತಿ ಒತ್ತಿ ನೋಡಿ. 1.2 ಟಿಎಸ್‌ಐ ತನ್ನ ಗರಿಷ್ಠ ಟಾರ್ಕನ್ನು 1,500 ಆರ್‌ಪಿಎಂನಿಂದಲೇ ಕೊಡುವಂಥದ್ದು. ಎಳೆತ ಒಂದೇ ಸಮನೆ ಬರಬೇಕು. ನಡುವೆ ತಡೆದು ತಡೆದು ಬಂದರೆ, ಗಾಳಿ ಸೋರುವ ಸುಯ್ಯೆಂಬ ಶಬ್ದ ಬಂದರೆ ಅಥವಾ ಇಪಿಸಿ ದೀಪ ಹೊತ್ತಿದರೆ ಟರ್ಬೊದ ಕೊಳವೆ, ಟರ್ಬೊದ ಒತ್ತಡ ಮಿತಿಯಲ್ಲಿಡುವ ವೇಸ್ಟ್‌ಗೇಟ್, ಇಗ್ನಿಷನ್ ಕಾಯಿಲ್ ಇವುಗಳಲ್ಲಿ ಏನೋ ಕೆಟ್ಟಿದೆ. ಬ್ರೇಕ್ ಗಟ್ಟಿಯಾಗಿ ಹಾಕಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಹಂಪ್ ದಾಟುವಾಗಿನ ಕಟಕಟ ಶಬ್ದ ಸಸ್ಪೆನ್ಷನ್‌ನ ಲಿಂಕ್ ರಾಡ್ ಅಥವಾ ಬುಷ್‌ಗಳದ್ದು. ಇವೆರಡೂ ನಮ್ಮ ರಸ್ತೆಗಳಲ್ಲಿ ಮಾಮೂಲು, ದೊಡ್ಡ ಖರ್ಚೂ ಅಲ್ಲ, ಚೌಕಾಸಿಗೆ ಮಾತ್ರ ಬಳಸಿಕೊಳ್ಳಿ. ಟೈರ್‌ನ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ಓದಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರ್‌ಗಳು ನಾಲ್ಕು ಬ್ರ್ಯಾಂಡ್‌ನವಾಗಿದ್ದರೆ, ಅಥವಾ ಒಂದೇ ಟೈರ್‌ನ ಒಳಬದಿ ಮಾತ್ರ ಸವೆದಿದ್ದರೆ, ಗಾಡಿಯನ್ನು ಹೇಗೆ ನೋಡಿಕೊಂಡಿದ್ದಾರೆ ಎಂಬುದು ಗೊತ್ತಾಗುತ್ತದೆ.

ಬಾಡಿ, ನೀರು, ಉಪ್ಪು

ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ಸಿಕ್ಕರೆ ತೆಗೆದುಕೊಂಡು ಹೋಗಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಇರುತ್ತದೆ. 200 ದಾಟಿದರೆ ಮತ್ತೆ ಬಣ್ಣ ಹೊಡೆದದ್ದು, ಅದಕ್ಕಿಂತ ಬಹಳ ಮೇಲಿದ್ದರೆ ಒಳಗೆ ಪುಟ್ಟಿ ಇದೆ. ಬಂಪರ್ ಅಥವಾ ಬಾಗಿಲಿಗೆ ಬಣ್ಣ ಹೊಡೆಸಿದ್ದರೆ ಚಿಂತೆಯಿಲ್ಲ, ಬೆಂಗಳೂರಿನಲ್ಲಿ ಗೀರು ಬೀಳದ ಬಂಪರ್ ಸಿಗುವುದೇ ಕಷ್ಟ. ಆದರೆ ಛಾವಣಿ, ಪಿಲ್ಲರ್‌ಗಳು, ಬಾನೆಟ್ ಕೆಳಗಿನ ಏಪ್ರನ್ (ಎಂಜಿನ್‌ನ ಎರಡೂ ಬದಿಯ ಲೋಹದ ಗೋಡೆ), ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗಿನ ತಳ ಇಲ್ಲಿ ಬೆಸುಗೆಯ ಅಥವಾ ಬಡಿದು ಸರಿಮಾಡಿದ ಗುರುತಿದ್ದರೆ ಆ ಗಾಡಿ ಎಷ್ಟು ಅಗ್ಗವಾದರೂ ಬೇಡ.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಭಾಗದಲ್ಲಿ ಬೇಸ್‌ಮೆಂಟ್‌ಗಳೇ ಮುಳುಗಿದ್ದು ನೆನಪಿರಬಹುದು; ಚೆನ್ನೈನಲ್ಲಿ 2015ರಲ್ಲೂ 2023ರಲ್ಲೂ, ಕೇರಳದಲ್ಲಿ 2018ರಲ್ಲೂ ಹಾಗೇ ಆಯಿತು. ನೀರಿನಲ್ಲಿ ನಿಂತ ಗಾಡಿಗಳು ಒಣಗಿ, ಪಾಲಿಷ್ ಆಗಿ ಬೇರೆ ಊರಿನಲ್ಲಿ ಮಾರಾಟಕ್ಕೆ ನಿಲ್ಲುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದೆಯೇ ನೋಡಿ, ಸೀಟಿನ ಹಳಿಗಳ ಕೆಳಗೆ ತುಕ್ಕು ಇದೆಯೇ ನೋಡಿ, ಕಾರ್ಪೆಟ್‌ನ ಅಂಚು ಎತ್ತಿ ಮೂಸಿ ನೋಡಿ. ಕೆಎ-19, ಕೆಎ-20, ಕೆಎ-30ರ ಗಾಡಿಗಳಾದರೆ ಇನ್ನೊಂದು ಕೆಲಸವಿದೆ: ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿ ಮತ್ತು ದೀರ್ಘ ಮಳೆಗಾಲ ಗಾಡಿಯ ತಳಭಾಗವನ್ನು ತಿನ್ನುತ್ತದೆ, ಆದ್ದರಿಂದ ಲಿಫ್ಟ್‌ನ ಮೇಲೆ ಎತ್ತಿಸಿ ಬ್ರೇಕ್ ಪೈಪ್‌ಗಳು, ಸಸ್ಪೆನ್ಷನ್ ಬೋಲ್ಟ್‌ಗಳು, ಸೈಲೆನ್ಸರ್ ಜೋಡಣೆಗಳನ್ನು ಟಾರ್ಚ್ ಹಾಕಿ ನೋಡಿಸಿ.

ಕಾಗದಪತ್ರ

ಮೂಲ ಆರ್‌ಸಿ ಕೈಗೆತ್ತಿಕೊಂಡು ಅದರಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರ್‌ಗಳನ್ನು ಗಾಡಿಯ ಮೇಲಿರುವವುಗಳ ಜೊತೆ ನೀವೇ ತಾಳೆ ನೋಡಿ. ಎಷ್ಟನೇ ಮಾಲೀಕರು, ಸಾಲ ಇದೆಯೇ ಎಂಬುದು ಎಂಪರಿವಾಹನ್ ಆ್ಯಪ್‌ನಲ್ಲೂ ಕಾಣುತ್ತದೆ. ಸಾಲ ತೀರಿದ್ದರೂ ಹೈಪಾಥಿಕೇಶನ್ (ಗಾಡಿಯ ಮೇಲೆ ಬ್ಯಾಂಕಿಗಿರುವ ಹಕ್ಕಿನ ನಮೂದು) ತೆಗೆಸದೆ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಸಿಗುವವರೆಗೆ ಪೂರ್ತಿ ಹಣ ಕೊಡಬೇಡಿ. ಬಾಕಿ ಇರುವ ಟ್ರಾಫಿಕ್ ದಂಡಗಳನ್ನು ಮಾರುವವರೇ ಕಟ್ಟಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಚುರುಕು ಗಾಡಿಗೆ ಅತಿವೇಗದ ದಂಡಗಳ ಸಾಲೇ ಇದ್ದರೆ ಅದು ಹಿಂದಿನ ಮಾಲೀಕರ ಕೈಗುಣಕ್ಕೆ ಲಿಖಿತ ಸಾಕ್ಷಿಯೂ ಹೌದು.

ವಿಮೆಯ ಪಾಲಿಸಿಯಲ್ಲಿರುವ ನೋ ಕ್ಲೇಮ್ ಬೋನಸ್ ಸೊನ್ನೆ ಎಂದಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರುವ ಸಂಭವವಿದೆ, ಯಾಕೆಂದು ಕೇಳಿ. 50 ಶೇಕಡಾ ಇದ್ದ ಮಾತ್ರಕ್ಕೆ ಗಾಡಿಗೆ ಏಟೇ ಬಿದ್ದಿಲ್ಲ ಎಂದೂ ಅಲ್ಲ, ಏಕೆಂದರೆ ಬೋನಸ್ ಸೇರಿದ್ದು ಮಾಲೀಕರಿಗೆ; ಅವರು ಹಿಂದಿನ ಕಾರಿನದನ್ನು ಇದಕ್ಕೆ ತಂದಿರಬಹುದು. ಅದೇ ಕಾರಣಕ್ಕೆ ಅದು ನಿಮಗೆ ವರ್ಗವಾಗುವುದೂ ಇಲ್ಲ. ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರ್‌ನಿಂದ ದಾಖಲೆ ತೆಗೆಸಿ, ವರ್ಷ ಅಥವಾ 15,000 ಕಿಲೋಮೀಟರ್‌ಗೊಮ್ಮೆ ಸರ್ವಿಸ್ ಆಗಿದೆಯೇ ನೋಡಿ. ನಡುವೆ ಎರಡು ವರ್ಷ ಖಾಲಿಯಿದ್ದರೆ ಹೊರಗಿನ ಗ್ಯಾರೇಜ್‌ನ ಬಿಲ್ ಕೇಳಿ.

ಬೇರೆ ರಾಜ್ಯದ ಗಾಡಿ ಅಗ್ಗವೆನಿಸಿದರೆ ಲೆಕ್ಕವನ್ನು ಪೂರ್ತಿ ಮಾಡಿ. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ ತರಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಕಡಿತವಾದ ಜೀವಿತಾವಧಿ ತೆರಿಗೆಯನ್ನು ಕರ್ನಾಟಕದಲ್ಲಿ ಮತ್ತೆ ಕಟ್ಟಬೇಕು, 12 ತಿಂಗಳಿಗಿಂತ ಹೆಚ್ಚು ಇಲ್ಲಿರಿಸುವುದಾದರೆ ಇಲ್ಲಿನ ನಂಬರ್ ಪಡೆಯಲೇಬೇಕು. ಇವೆಲ್ಲ ಸೇರಿದ ಮೇಲೆ ಉಳಿಯುವ ಲಾಭ ಬಹಳ ಸಲ ಅಲ್ಪ.

ವ್ಯವಹಾರ ಕುದುರಿದ ದಿನ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ಗಾಡಿ ಕೈಬದಲಾದ ದಿನಾಂಕ, ಗಂಟೆ ಮತ್ತು ಓಡೋಮೀಟರ್ ಅಂಕಿಯನ್ನು ನಮೂದಿಸಿದ ಡೆಲಿವರಿ ಚೀಟಿಯನ್ನು ಎರಡು ಪ್ರತಿ ಮಾಡಿ, ಎರಡನೇ ಕೀಲಿಯನ್ನೂ ಕೇಳಿ ಪಡೆದುಕೊಂಡ ಮೇಲೆಯೇ ಉಳಿದ ಹಣವನ್ನು ವರ್ಗಾಯಿಸಿ.